ಗೈರ್ ಹಾಜರ್

“ಇವಂಗ ಮುಲ್ಕಿ ಸಿಗೂದು ಅಂದ್ರ ಕಾಗಿಣಾ ಹೊಳ್ಯಾಗ ಹಡಗ ಬಂದಂಗ” ಎಂದವರು ತಹಶೀಲು ಕಚೇರಿಯ ಪೇಷ್ಕಾರ ಶಾಮಾಚಾರ್ಯರು. ನಾನು ಬಿ.ಎ. ಪಾಸಾದ ಕಾಗದ ಹಿಡಿದು ಅವರ ಮೇಜಿನ ಮುಂದೆ ನಿಂತಿರುವಾಗಲೇ ಅಂದರು. ಕಚೇರಿಯಲ್ಲಿದ್ದವರೆಲ್ಲ ನಕ್ಕರು. ಹಡಗು ಬರಬಾರದ ಕಡೆ ಬಂದು ಕೂತದ್ದನ್ನು ಕಣ್ಣಾರೆ ನೋಡಿದವ ಆ ಕೋಣೆಯಲ್ಲಿ ನಾನೊಬ್ಬನೇ. ಅದಕ್ಕೇ ನನಗೆ ನಗು ಬರಲಿಲ್ಲ.

ಮುಲ್ಕಿ ಎಂದರೆ ಮಂಗಳೂರಿನ ಬದಿಯ ಊರು ಎಂದುಕೊಳ್ಳಬೇಡಿ. ನಿಜಾಮರ ಸೀಮೆಯಲ್ಲಿ ಈ ನೆಲದವನಿಗೆ ಮುಲ್ಕಿ ಅನ್ನುತ್ತಾರೆ, ಹೊರಗಿನಿಂದ ಬಂದವನಿಗೆ ಗೈರ್-ಮುಲ್ಕಿ. ಸರ್ಕಾರಿ ನೌಕರಿ ಬೇಕಾದರೆ ಮುಲ್ಕಿ ಆಗಿರಬೇಕು. ಹೊರಗಿನವ ಹದಿನೈದು ವರ್ಷ ಇಲ್ಲೇ ಕಳೆದು, ಹಿಂದಿನ ಊರಿಗೆ ಮರಳುವ ಇರಾದೆ ಬಿಟ್ಟಿದ್ದೇನೆ ಎಂದು ಪ್ರಮಾಣ ಬರೆದುಕೊಟ್ಟರೆ ಅವನಿಗೂ ಸರ್ಟಿಫಿಕೇಟು ಸಿಗುತ್ತದೆ. ನನಗೆ ಇದೇ ಸೀಮೆಯ ಮುಧೋಳದ ಶಾಲೆಯಲ್ಲಿ ಮುದರಿಸನ, ಅಂದರೆ ಮಾಸ್ತರನ ಜಾಗ ಕೊಡುತ್ತೇವೆಂದಿದ್ದರು. ಒಂದು ತಿಂಗಳಲ್ಲಿ ಸರ್ಟಿಫಿಕೇಟು ತರದಿದ್ದರೆ ಆ ಜಾಗ ಇನ್ನೊಬ್ಬನಿಗೆ.

ಸಮುದ್ರದ ಮೇಲಿಂದ ಆ ದೊಡ್ಡ ಗಾಳಿ ಎದ್ದಾಗ ನಾನು ಎಂಟು ವರ್ಷದವ. ನಮ್ಮ ಬೇಲೆ ಹೊಳೆಗೂ ಸಮುದ್ರಕ್ಕೂ ನಡುವಿನ ಮರಳಿನ ದಿಬ್ಬದ ಮೇಲಿನ ಕೇರಿ. ಅಂಕೋಲೆ ಕಡೆಯ ಹಳಬರಿಗೆ ನೆನಪಿದ್ದೀತು. ಗಾಳಿ ನಿಂತಾಗ ಸಾಹುಕಾರರ ಹಂಚಿನ ಮನೆಯ ಮೇಲೆ ಒಂದು ಮಚವೆ ಕೂತಿತ್ತು, ಹಾಯಿಕಂಬ ಸಮೇತ. ತೆಂಗಿನ ಮರಗಳಿಗೆ ತಲೆ ಇರಲಿಲ್ಲ. ಸುತ್ತ ಎಲ್ಲಿ ನೋಡಿದರೂ ನೀರು, ಬಾವಿಗಳೆಲ್ಲ ಉಪ್ಪು. ಬದುಕಿದವರಲ್ಲಿ ಕೆಲವರು ಬಾಯಾರಿಕೆಯಿಂದ ಆ ನೀರನ್ನೇ ಕುಡಿದು ಸತ್ತರು.

ಅಪ್ಪ ಗಾಳಿಗೆ ಎರಡು ದಿನ ಮೊದಲೇ ದೋಣಿ ತೆಗೆದುಕೊಂಡು ಹೋಗಿದ್ದ. ಆಯಿ, ಅಂದರೆ ನನ್ನ ತಾಯಿ, ದಡಕ್ಕೆ ಬಂದ ಒಂದೊಂದು ಹೆಣವನ್ನೂ ತಿರುವಿ ನೋಡಿದಳು. ಮುಖವನ್ನು ಏಡಿ ತಿಂದಿದ್ದರೆ ಕಾಲು ನೋಡುತ್ತಿದ್ದಳು. ಅಪ್ಪನ ಎಡಗಾಲಿಗೆ ಕಿರುಬೆರಳು ಇರಲಿಲ್ಲ. ಹನ್ನೊಂದು ದಿನ ಹುಡುಕಿದರೂ ಆ ಕಾಲು ಸಿಗಲಿಲ್ಲ. ಹೆಣ ಸಿಗದಿದ್ದರೆ ಆಳು ಸತ್ತಿಲ್ಲ ಎಂದು ಆಯಿ ಕರಿಮಣಿ ತೆಗೆಯಲಿಲ್ಲ, ಕುಂಕುಮ ಅಳಿಸಲಿಲ್ಲ. ಘಟ್ಟದ ಬುಡದ ನೆಂಟರು ಮೊದಲ ವಾರ ಗಂಜಿ ಬಡಿಸಿದರು. ಎರಡನೆಯ ವಾರ, “ನೀವು ಯಾವಾಗ ಹೊರಡೂದು?” ಎಂದು ಕೇಳಿದರು. ಅಷ್ಟರಲ್ಲಿ ಹೊಳೆ ದಿಬ್ಬವನ್ನು ಸೀಳಿ ಹೊಸ ಬಾಯಿ ಮಾಡಿಕೊಂಡು, ಉಳಿದದ್ದನ್ನೂ ಒಯ್ದಿತ್ತು.

ಆಯಿಯ ಅಣ್ಣ ನಿಜಾಮರ ಸೀಮೆಯ ವಾಡಿ ಜಂಕ್ಷನ್ನಿನಲ್ಲಿ ಹಳಿ ರಿಪೇರಿಯ ಗ್ಯಾಂಗಿನಲ್ಲಿದ್ದ. ಅವನ ಹತ್ತಿರ ಬಂದೆವು. ರೈಲಿಳಿದರೆ ಗೋಡೆಯೂ ಕಲ್ಲು, ಅಂಗಳವೂ ಕಲ್ಲು, ಮಾಡೂ ಕಲ್ಲು. ಫರ್ಸಿ ಅನ್ನುತ್ತಾರೆ, ಹಲಗೆಯ ಹಾಗೆ ಎದ್ದು ಬರುವ ಕಲ್ಲು. ಆಯಿ ಮಾಡಿಗೆ ಕೋಲು ಹಾಕಿ ತಟ್ಟಿ ನೋಡಿ, “ಇದು ಹಾರೂದಿಲ್ಲ” ಎಂದಳು. ಹೊಸ ಊರಿನ ಬಗ್ಗೆ ಅವಳು ಆಡಿದ ಒಳ್ಳೆಯ ಮಾತು ಬಹಳ ದಿನ ಅದೊಂದೇ. ಅಲ್ಲಿ ಕಾಲು ತೊಳೆಯಲು ಸಮುದ್ರವಿತ್ತು. ಇಲ್ಲಿ ಬೇಸಿಗೆಯಲ್ಲಿ ಮುಖ ತೊಳೆದ ನೀರಿನಲ್ಲೇ ಪಾತ್ರೆ ತೊಳೆಯಬೇಕು. ಅಲ್ಲಿ ಅನ್ನ ದಿನದ ಊಟ. ಇಲ್ಲಿ ಅನ್ನ ಹಬ್ಬಕ್ಕೆ, ದಿನಕ್ಕೆ ಜೋಳದ ರೊಟ್ಟಿ, ಪುಂಡಿಪಲ್ಯ.

ಪಕ್ಕದ ಮನೆ ಶರಣಮ್ಮನದು. ಲಿಂಗವಂತರು. ಆಯಿ ಮೊದಲ ಸಲ ಒಣಮೀನು ಸುಟ್ಟಾಗ ಅವಳು ಸೆರಗು ಮೂಗಿಗೆ ಹಿಡಿದು ಬಾಗಿಲಿಗೆ ಬಂದಳು.

“ಏನ್ ಸುಡಾಕತ್ತೀರಿ ಬಾಯಿ? ನನ್ನ ಕೊರಳಾಗಿನ ಲಿಂಗಾ ಸೈತ ಮೂಗ ಮುಚ್ಚಿಕೊಂಡಾನ್ರಿ!”

ಅದೇ ಶರಣಮ್ಮ ಆಯಿಗೆ ರೊಟ್ಟಿ ಬಡಿಯಲು ಕಲಿಸಿದಳು. “ಮೆಲ್ಲಕ ಬಡೀರಿ. ಅದೇನು ದೋಣಿ ಹಲಿಗಿ ಅಲ್ಲ” ಎನ್ನುತ್ತಿದ್ದಳು. ಆಯಿ ಮೀನು ಬಿಟ್ಟಳು. ಯಾರೂ ಬಿಡು ಅನ್ನಲಿಲ್ಲ. ಬೀದಿಯ ಹೆಂಗಸರು ನಮ್ಮ ಬಾಗಿಲ ಮುಂದೆ ಉಸಿರು ಬಿಗಿಹಿಡಿದು ದಾಟುವುದನ್ನು ನೋಡಿ ತಾನೇ ಬಿಟ್ಟಳು.

ಆಯಿ ರೈಲು ಹಳಿಗೆ ಜಲ್ಲಿ ಹೊರುವ ಕೆಲಸಕ್ಕೆ ಸೇರಿದಳು. ಬೆಳಿಗ್ಗೆ ಮೇಸ್ತ್ರಿ ಹೆಸರು ಕೂಗುತ್ತಿದ್ದ. ಬಂದವರು ಹಾಜರ್, ಬಾರದವರು ಗೈರ್ ಹಾಜರ್. ಆ ಮಾತು ಅವಳಿಗೆ ಬಹಳ ಹಿಡಿಸಿತು. ಬಾರದವನ ಹೆಸರನ್ನು ಹೊಡೆದು ಹಾಕುವುದಿಲ್ಲ, ಮರುದಿನವೂ ಕೂಗುತ್ತಾರೆ. “ನಿಮ್ಮ ಯಜಮಾನ್ರು ಎಲ್ಲಿ ಅದಾರ್ರಿ?” ಎಂದು ಯಾರಾದರೂ ಕೇಳಿದರೆ, “ಗೈರ್ ಹಾಜರ್” ಎನ್ನುತ್ತಿದ್ದಳು. ಕೇಳಿದವರು ನಗುತ್ತಿದ್ದರು. ಅವಳು ನಗುತ್ತಿರಲಿಲ್ಲ.

ನಾನು ಓದಿದೆ. ಶಹಾಬಾದಿನಲ್ಲಿ, ಗುಲಬರ್ಗಾದಲ್ಲಿ, ಕೊನೆಗೆ ಹೈದರಾಬಾದಿನಲ್ಲಿ, ಎಲ್ಲವನ್ನೂ ಉರ್ದುವಿನಲ್ಲಿ. ನಮ್ಮೂರ ಏಡಿಯ ಹಾಗೆ ಬಲದಿಂದ ಎಡಕ್ಕೆ ನಡೆಯುವ ಆ ಅಕ್ಷರಗಳನ್ನು ಹುಡುಗರ ಕೈಲಿ “ಏ ಉಪ್ಪುನೀರು” ಅನ್ನಿಸಿಕೊಳ್ಳುತ್ತಲೇ ಕಲಿತೆ. ಎರಡು ಸಲ ಫೇಲಾದೆ. ಮೂರನೆಯ ಸಲ ಕೂತೆ. ನಮ್ಮ ಬೇಲೆಯಿಂದ ಬಿ.ಎ. ಆದವ ನಾನೊಬ್ಬನೇ. ಇನ್ನೊಬ್ಬ ಆಗುವುದೂ ಇಲ್ಲ, ಬೇಲೆಯೇ ಇಲ್ಲ. ಹೇಳಿಕೊಳ್ಳಲು ನನಗೆ ನಾಚಿಕೆಯಿಲ್ಲ, ನನ್ನ ಎಲುಬು ತೇದು ಗಳಿಸಿದ್ದು ಅದು.

ಅದನ್ನೇ ಹಿಡಿದು ಶಾಮಾಚಾರ್ಯರ ಮುಂದೆ ನಿಂತಿದ್ದೆ.

“ಹಿಂದಿನ ಊರ ಯಾವುದೋ?”

“ಈಗ ಇಲ್ಲರಿ. ಸಮುದ್ರ ತಗೊಂಡದ.”

“ಊರೇ ಇಲ್ಲ ಅಂದಮ್ಯಾಲ ಅಲ್ಲಿಗಿ ಹೋಗಂಗಿಲ್ಲ ಅಂತ ಹೆಂಗ ಪ್ರಮಾಣ ಮಾಡ್ತಿ?” ಮತ್ತೆ ಎಲ್ಲರೂ ನಕ್ಕರು. “ಆಗಲಿ, ಬರಿ. ತಂದಿ?”

“ಗೊತ್ತಿಲ್ಲರಿ.”

“ಗೊತ್ತಿಲ್ಲ ಅನ್ನೂ ಖಾನಾ ಇದರಾಗ ಇಲ್ಲಪಾ. ಜೀವಂತ ಅಂತ ಬರಿ, ಇಲ್ಲಾ ಫೌತ್ ಅಂತ ಬರಿ. ಜೀವಂತ ಅದಾನ ಅಂದ್ರ ಅವನ ಊರೇ ನಿನ್ನ ಊರು, ನೌಕರಿ ಮರತುಬಿಡು. ಫೌತ್ ಅಂದ್ರ ತಾರೀಖ ಹಾಕಿ, ನಿಮ್ಮವ್ವನ ಹೆಬ್ಬಟ್ಟ ಒತ್ತಿಸಿಕೊಂಡು ಬಾ. ಖಾಲಿ ಬಿಟ್ಟೀ ಅಂದ್ರ ವಾಪಸ್.”

ಫೌತ್ ಎಂದರೆ ಸತ್ತವನು. ಕಚೇರಿಯ ಕಟ್ಟೆಯ ಮೇಲೆ ಕೂತು ಅದನ್ನೇ ಬರೆದೆ. ತಾರೀಖಿನ ಖಾನೆಗೆ ಬಂದಾಗ ಮಳೆಗಾಲದ ಒಂದು ದಿನವನ್ನು ಬಾಯಿಗೆ ಬಂದ ಹಾಗೆ ತುಂಬಿದೆ. ಯೋಚಿಸಲೂ ಇಲ್ಲ.

ಮನೆಯಲ್ಲಿ ಆಯಿ ಜೋಳ ಹಸನು ಮಾಡುತ್ತಿದ್ದಳು. ಕಾಗದ ಮುಂದಿಟ್ಟೆ.

“ಅಪ್ಪನ ಹೆಸರು ಹಾಕಿದ್ಯಾ ತಮಾ?”

“ಹಾಕಿದ್ದೇನೆ.”

“ಅದರ ಬದಿಗೆ ಎಂತಾ ಬರದ್ದು?”

“ಗೈರ್ ಹಾಜರ್ ಅಂತ.”

ಅವಳ ಮುಖ ಅರಳಿತು. “ಖರೇ ಬರದ್ಯಲ. ಓದಿದ್ದು ಸಾರ್ಥಕ ಆತು” ಎಂದು ಹೆಬ್ಬೆರಳು ಚಾಚಿದಳು. ನಾನು ಮಸಿ ಹಚ್ಚಿ, ಹಿಡಿದು ಒತ್ತಿದೆ. ಹದಿನೈದು ವರ್ಷದಲ್ಲಿ ನಾನು ಮಾಡಿದ ಅತಿ ಸುಲಭದ ಕೆಲಸ ಅದು. ಅದರ ಕೆಳಗೇ, ಹಿಂದಿನ ಊರಿಗೆ ಮರಳುವ ಇರಾದೆ ಬಿಟ್ಟಿದ್ದೇನೆ ಎಂಬ ಸಾಲಿಗೆ ನನ್ನ ಸಹಿ ಹಾಕಿದೆ. ಒಮ್ಮೆ ಬಂದು ಹೋಗು ಎಂದು ಅಂಕೋಲೆ ಕಡೆಯ ನಿಮ್ಮಲ್ಲಿ ಕೆಲವರು ಈಗಲೂ ಬರೆಯುತ್ತೀರಿ. ಮಳೆ ಬಂದ ದಿನ ಈ ಫರ್ಸಿಯಿಂದ ಏಳುವ ವಾಸನೆಗೆ ನಾನು ಬೇಲೆಯ ವಾಸನೆಯನ್ನೇ ಹುಡುಕುತ್ತೇನೆ. ಆದರೆ ಆ ಸಹಿ ನನ್ನದೇ.

ಹೆಬ್ಬಟ್ಟು ಒತ್ತಿದವಳು ಎದುರಿಗೆ ಬರಬೇಕೆಂದರು. ಆಯಿ ಹೊಸ ಸೀರೆ ಉಟ್ಟು, ಕುಂಕುಮ ದೊಡ್ಡದಾಗಿಟ್ಟು, ಕರಿಮಣಿ ಸೆರಗಿನ ಮೇಲೆ ಕಾಣುವಂತೆ ಹಾಕಿಕೊಂಡು ಬಂದಳು. ಅದನ್ನು ನೋಡಿಯೂ ನಾನು ಅವಳನ್ನು ಮೇಜಿನ ಮುಂದೆ ನಿಲ್ಲಿಸಿದೆ. ಶಾಮಾಚಾರ್ಯರೂ ಅವಳ ಹಣೆ ನೋಡಿದರು, ನನ್ನನ್ನು ನೋಡಿದರು, ಕನ್ನಡಕ ಏರಿಸಿಕೊಂಡು ಗಟ್ಟಿಯಾಗಿ ಓದಿದರು. ನನ್ನ ಹೆಸರು. ಆಮೇಲೆ ಅಪ್ಪನದು, “ವಲದ್ ಬೊಮ್ಮಯ್ಯ, ಫೌತ್.”

ಅವಳಿಗೆ ಆ ಮಾತು ತಿಳಿಯದು ಎಂದುಕೊಂಡಿದ್ದೆ. ಶರಣಮ್ಮನ ಗಂಡ ತೀರಿಕೊಂಡಾಗ ನಾನು ಹೈದರಾಬಾದಿನಲ್ಲಿದ್ದೆ. ಪಟವಾರಿ ಬಂದು ಹೊಲದ ಖಾತೆಯಲ್ಲಿ ಅದೇ ಮಾತು ಬರೆದು ಓದಿದಾಗ, ಎದೆ ಬಡಿದುಕೊಂಡ ಶರಣಮ್ಮನನ್ನು ತಬ್ಬಿ ಹಿಡಿದು ಕೂತವಳು ಆಯಿ.

ಅವಳು ಅಳಲಿಲ್ಲ. ಕೈ ಕರಿಮಣಿಗೆ ಹೋಯಿತು, ಅಲ್ಲೇ ನಿಂತಿತು.

“ಖರೇ ಏನವಾ?” ಎಂದು ಶಾಮಾಚಾರ್ಯರು ಕೇಳಿದರು.

ಅವಳು ಇಲ್ಲ ಎಂದಿದ್ದರೆ ಮುಗಿದಿತ್ತು. ನಾನು ನೆಲದ ಫರ್ಸಿ ನೋಡುತ್ತಿದ್ದೆ.

“ಮಗ ಓದಿದವ. ಅವ ಬರದ್ದು ಖರೇ” ಎಂದಳು ಆಯಿ.

ಮೊಹರು ಬಿತ್ತು. “ತಗೋರಿ ಮಾಸ್ತರ, ಕಾಗಿಣಾದಾಗ ಹಡಗ ಬಂತು” ಎಂದು ಶಾಮಾಚಾರ್ಯರು ನಗುತ್ತ ಸರ್ಟಿಫಿಕೇಟನ್ನು ನನ್ನ ಕೈಗಿತ್ತರು. ಮೊದಲ ಸಲ ನನ್ನನ್ನು ಬಹುವಚನದಲ್ಲಿ ಕರೆದಿದ್ದರು. ಆಯಿ ಹತ್ತಿರ ಬಂದು, ಮಸಿಯ ಕಲೆ ಇನ್ನೂ ಹೋಗದ ಹೆಬ್ಬೆರಳನ್ನು ಆ ಕಾಗದದ ಮೇಲೆ ಆಡಿಸಿದಳು.

“ತಾರೀಕು ಯಾವ್ದು ಹಾಕಿದ್ಯೋ ತಮಾ? ತಿಥಿ ಮಾಡೂಕೆ ಬೇಕಲ.”