ಕಣದ ಮೇಲೆ ಹಾಸಿದ್ದ ಗೋಣಿ

ಕಳೆದ ವಾರ ಜೀಪಿಗೆ ಕಾಫಿ ಚೀಲ ಹಾಕಿಸಿಕೊಂಡು ತಮ್ಮನ ಜೊತೆ ಚಿಕ್ಕಮಗಳೂರಿಗೆ, ಕಾಫಿಬೀಜ ಹಸನು ಮಾಡುವ ಕ್ಯೂರಿಂಗ್ ವರ್ಕ್ಸಿಗೆ ಹೋಗಿದ್ದೆ. ತೂಕದ ಸರದಿಗೆ ಕಾಯುತ್ತ ಗೋಡೆಯ ಪಕ್ಕ ನಿಂತಿದ್ದವಳಿಗೆ ಅಲ್ಲಿ ಪೇರಿಸಿಟ್ಟಿದ್ದ ಗೋಣಿಚೀಲಗಳ ವಾಸನೆ ಬಡಿಯಿತು. ಯಾರೋ ಮಂಜಿನಲ್ಲಿ ಬಿಟ್ಟು ನೆನೆಸಿದ ಚೀಲಗಳು. ಒದ್ದೆ ಸೆಣಬಿನ ವಾಸನೆ ಗೊತ್ತಲ್ಲ, ಹಸಿಮಣ್ಣು, ಎಣ್ಣೆ, ಸ್ವಲ್ಪ ಮುಗ್ಗಲು... ಸರದಿ ಬಿಟ್ಟು ಹೊರಗೆ ಬಂದು ಲಾರಿಯ ಮರೆಯಲ್ಲಿ ನಿಂತುಬಿಟ್ಟೆ. ತಮ್ಮ ಓಡಿ ಬಂದ. "ಎಂತಾಯ್ತಕ್ಕ?" ಅಂದ. "ಧೂಳು" ಅಂದೆ. ಒಂಬತ್ತು ವರ್ಷದಿಂದ ಅವನಿಗೆ ಇಂಥದೇ ಉತ್ತರ ಕೊಡುತ್ತ ಬಂದಿದ್ದೇನೆ.

ಆ ವಾಸನೆಯ ಜೊತೆ ನೆನಪಾಗುವವರು ನಮ್ಮ ಸಿಸ್ಟರ್. ಕನ್ಯಾಸ್ತ್ರೀ ಅಲ್ಲ, ನರ್ಸ್ ಆಗಿದ್ದವರು. ನಮ್ಮ ಜಾವಳಿ ಕಡೆ ಎಲ್ಲರ ಬಾಯಲ್ಲೂ ಅವರು ಸಿಸ್ಟರ್. ಮಿಷನ್ನಿನ ದವಾಖಾನೆಯಲ್ಲಿ ಮೂವತ್ತು ವರ್ಷ ದುಡಿದು ನಿವೃತ್ತರಾದ ಮೇಲೆ, ನಮ್ಮ ಕಾಫಿ ಕಣದ ಅಂಚಿನಲ್ಲಿದ್ದ ಹಳೇ ಗೋದಾಮಿನ ಕೋಣೆಗೆ ಬಾಡಿಗೆಗೆ ಬಂದಿದ್ದರು. ಮದುವೆಯಾಗಿರಲಿಲ್ಲ. ಒಂದು ಟ್ರಂಕು, ಗೋಡೆಯ ಮೇಲೆ ಒಂದು ಶಿಲುಬೆ, ಬಾಗಿಲಲ್ಲಿ ಹನ್ನೆರಡು ಕುಂಡ ಡೇರೆ ಗಿಡ, ಇಷ್ಟೇ ಅವರ ಸಂಸಾರ. ಮಂಡಿನೋವಿದ್ದರೂ ದಿನಾ ಬರಿಗಾಲಲ್ಲಿ ನಮ್ಮ ಕಣಕ್ಕಿಳಿದು, ಒಣಹಾಕಿದ ಕಾಫಿಹಣ್ಣನ್ನು ಕಾಲಿನಲ್ಲೇ ಸಾಲುಸಾಲಾಗಿ ತಿರುವುತ್ತಿದ್ದರು. "ವಾರ್ಡ್ ರೌಂಡ್ಸ್ ಕಣೇ, ಅಭ್ಯಾಸ ಬಿಡಲ್ಲ" ಅನ್ನುತ್ತಿದ್ದರು.

ದೇವರ ಮೇಲೆ ಅವರಿಗೆ ಭಕ್ತಿ ಎಷ್ಟಿತ್ತೋ ಸಿಟ್ಟೂ ಅಷ್ಟೇ ಇತ್ತು. ಹುಡುಗಿಯಾಗಿದ್ದಾಗ ಹೊಲಿಗೆ ಕಲಿತು ಅಂಗಡಿ ಇಡಬೇಕೆಂದಿದ್ದರಂತೆ. ಒಂದು ದಿನ ಪ್ರಾರ್ಥನೆಗೆ ಕೂತಾಗ, ರೋಗಿಗಳ ಹತ್ತಿರ ಹೋಗು ಎಂದು ಒಳಗಿನಿಂದ ಯಾರೋ ಹೇಳಿದ ಹಾಗಾಯಿತಂತೆ. "ಕೇಳ್ಸೇ ಇಲ್ಲ ಅಂತ ಮೂರು ತಿಂಗಳು ನಾಟಕ ಆಡ್ದೆ. ಬಿಡ್ಬೇಕಲ್ಲ ಅವ್ನು! ರಕ್ತ ಕಂಡ್ರೆ ತಲೆ ತಿರುಗೋಳನ್ನ ಎಳ್ಕೊಂಡು ಹೋಗಿ ನರ್ಸ್ ಮಾಡ್ದ. ಈಗ ರಿಟೈರ್ ಆಗಿದೀನಿ. ಇನ್ನೊಂದ್ಸಲ ಕರೆದ್ರೆ ಕಿವಿ ಮಂದ ಅಂತೀನಿ ಮಾರಾಯ್ತಿ." ನಾನು ನಗುತ್ತಿದ್ದೆ. ನಮ್ಮ ದೇವರಿಗೆ ಹರಕೆ ಹೊತ್ತು ಬೇಡುವುದಷ್ಟೇ ನನಗೆ ಗೊತ್ತಿದ್ದದ್ದು. ಮನುಷ್ಯರನ್ನು ಹೀಗೆ ಹೆಸರು ಹಿಡಿದು ಕೆಲಸಕ್ಕೆ ಕರೆಯುವ ದೇವರು ನನಗೆ ಹೊಸಬ.

ಒಂಬತ್ತು ವರ್ಷದ ಹಿಂದೆ ಜನವರಿಯಲ್ಲಿ, ಕಳಸದ ಆಚೆ ಸಂಸೆಯ ಮೇಲಿನ ಗುಡ್ಡಗಳಲ್ಲಿ ಮಂಗಗಳು ಸತ್ತು ಬೀಳತೊಡಗಿದವು. ಮಂಗನ ಕಾಯಿಲೆ. ಕಾಡಿನ ಉಣುಗು ಕಚ್ಚಿದರೆ ಮನುಷ್ಯರಿಗೂ ಬರುವ ಜ್ವರ. ನನ್ನ ತಮ್ಮ ಅಲ್ಲೇ ಒಂದು ಎಸ್ಟೇಟಿನಲ್ಲಿ ರೈಟರ್ ಆಗಿ ಆಳುಗಳ ಹಾಜರಿ ಬರೆದುಕೊಂಡಿದ್ದ. ಒಂದು ಮಧ್ಯಾಹ್ನ ಅಲ್ಲಿಯ ಮೇಸ್ತ್ರಿ ಫೋನ್ ಮಾಡಿದರು. "ನಿಮ್ಮ ತಮ್ಮಂಗೆ ಐದು ದಿನದಿಂದ ಜ್ವರ ಕಣಮ್ಮ. ಒಸಡಲ್ಲಿ ರಕ್ತ ಬರ್ತಿದೆ. ಆಳುಗಳ ಲೈನ್ ಮನೇಲಿ ಇನ್ನೂ ನಾಲ್ಕು ಜನ ಮಲಗಿದಾರೆ. ಉಳಿದೋರೆಲ್ಲ ಗಂಟು ಕಟ್ಕೊಂಡು ಇಳಿದು ಹೋದ್ರು." ಡಾಕ್ಟರನ್ನು ಕೇಳಿದರೆ, ರಕ್ತ ಬರುವಾಗ ಆ ಕಲ್ಲುದಾರಿಯಲ್ಲಿ ಕುಲುಕಿಸಿಕೊಂಡು ಇಳಿಸಬೇಡಿ, ಅದು ನಿಲ್ಲುವವರೆಗೆ ತಿಳಿದವರು ಯಾರಾದರೂ ಜೊತೆಗಿದ್ದು ಡ್ರಿಪ್ ಹಾಕಿ ನೋಡಿಕೊಳ್ಳಲಿ ಅಂದರು. ತಿಳಿದವರು ಅಂತ ನನಗೆ ಗೊತ್ತಿದ್ದದ್ದು ಒಬ್ಬರೇ.

ಹೋಗಿ ಕಾಲು ಹಿಡಿದೆ. ಸಿಸ್ಟರ್ ಮುಖ ಬಿಳಚಿಕೊಂಡಿತು. ಬಹಳ ಹಿಂದೆ ಇದೇ ಜ್ವರದ ಕಾಲಕ್ಕೆ ಅವರು ಅದೇ ಗುಡ್ಡಕ್ಕೆ ಹೋಗಿದ್ದರಂತೆ. ಜೊತೆಗೆ ಬಂದಿದ್ದ ಗೆಳತಿ, ಅವರೂ ನರ್ಸ್, ಇವರ ತೊಡೆಯ ಮೇಲೆ ತಲೆಯಿಟ್ಟುಕೊಂಡೇ ಪ್ರಾಣ ಬಿಟ್ಟಿದ್ದರಂತೆ. "ಆವತ್ತೇ ದೇವ್ರಿಗೆ ಹೇಳಿದೀನಿ, ಎಲ್ಲಿಗಾದ್ರೂ ಕಳ್ಸು, ಆ ಗುಡ್ಡಕ್ಕೆ ಮಾತ್ರ ಬೇಡ ಅಂತ. ನನ್ನಿಂದ ಆಗಲ್ಲ ಕಣೇ. ಬೈಕೋ, ಹೊಡಿ... ಆಗಲ್ಲ." ಬೈದೆ. ಬಾಯಿಗೆ ಬಂದ ಹಾಗೆ ಬೈದೆ, ನನ್ನ ನಾಲಿಗೆ ಎಂಥದು ಅಂತ ಊರಿಗೇ ಗೊತ್ತು. ಅವರು ಮಂಚದ ಮೇಲೆ ಕೂತು ಸೆರಗಿನಲ್ಲಿ ಮುಖ ಮುಚ್ಚಿಕೊಂಡರು.

ಅಕ್ಕ ಆದವಳು ನೀನ್ಯಾಕೆ ಹೋಗಲಿಲ್ಲ ಅಂತ ಕೇಳಬಹುದು. ಹೆದರಿದೆ, ಅಷ್ಟೇ. ಸೂಜಿ ಚುಚ್ಚಲು ಬರಲ್ಲ ಅನ್ನುವುದು ನೆಪ. ಬಾಯಿಗೆ ನೀರು ಬಿಡಲು ಬರುತ್ತಿತ್ತಲ್ಲ!

ಸಂಜೆ ಕಾಫಿಯನ್ನು ರಾಶಿ ಮಾಡಿ ಟಾರ್ಪಾಲು ಮುಚ್ಚುತ್ತಿದ್ದಾಗ ಸಿಸ್ಟರ್ ಬಂದರು. ಕೈಯಲ್ಲಿ ನಮ್ಮದೇ ಒಂದು ಖಾಲಿ ಗೋಣಿಚೀಲ. ಕಣದ ನಡುವೆ ಬರಿ ಸಿಮೆಂಟಿನ ಮೇಲೆ ಅದನ್ನು ಹಾಸಿ, ಮಡಿಕೆ ಬಿಡಿಸಿದರು. ಅವರ ಶಾಸ್ತ್ರದಲ್ಲಿ ಒಬ್ಬ ಅಂಜುಬುರುಕ ರೈತ ಇದ್ದನಂತೆ. ದೇವರು ಕರೆದಾಗ ಅವನು ಕಣದಲ್ಲಿ ಕುರಿಯ ತುಪ್ಪಟ ಹಾಸಿ, ನೆಲವೆಲ್ಲ ಇಬ್ಬನಿಯಲ್ಲಿ ನೆನೆದು ತುಪ್ಪಟ ಮಾತ್ರ ಒಣಗಿದ್ದರೆ ಹೋಗುತ್ತೇನೆ ಅಂದನಂತೆ. "ನಾನೂ ಹಾಗೇ ಕೇಳಿದೀನಿ. ಬೆಳಗ್ಗೆ ಚೀಲ ಒಣಗಿದ್ರೆ ಹೋಗ್ತೀನಿ. ನೆಂದಿದ್ರೆ, ಹೋಗ್ಬೇಡ ಅಂತ ಅವ್ನೇ ಹೇಳಿದ ಹಾಗೆ." ಆಮೇಲೆ ತಗ್ಗಿದ ದನಿಯಲ್ಲಿ, "ಜನವರಿ ಮಂಜಲ್ಲಿ ಗೋಣಿ ಒಣಗಿರುತ್ತಾ? ದೇವ್ರಿಗೇ ಮೋಸ ಮಾಡ್ತಿದೀನಿ ಮಾರಾಯ್ತಿ" ಅಂದರು. ನಾನು ಟಾರ್ಪಾಲಿನ ಅಂಚಿಗೆ ಕಲ್ಲು ಹೇರುತ್ತ ಹೋದೆ.

ನಸುಕಿನಲ್ಲೇ ಎದ್ದು ಕಣಕ್ಕೆ ಹೋದೆ. ಟಾರ್ಪಾಲಿನ ಅಂಚಿನಿಂದ ನೀರು ತೊಟ್ಟಿಕ್ಕುತ್ತಿತ್ತು. ಚೀಲ ಎತ್ತಿದೆ. ತೊಯ್ದು ತೊಪ್ಪೆಯಾಗಿ ಕೈಗೆ ಭಾರ ಬಂತು. ಅವರ ದೇವರು ಸ್ಪಷ್ಟವಾಗಿಯೇ ಉತ್ತರ ಕೊಟ್ಟಿದ್ದ, ಹೋಗಬೇಡ ಅಂತ. ನಾನು ಆ ಉತ್ತರವನ್ನು ಸುರುಳಿ ಸುತ್ತಿ, ಕಾಫಿಹಣ್ಣಿನ ಸಿಪ್ಪೆ ಸುಲಿಯುವ ಪಲ್ಪರ್ ಮನೆಯ ಹಿಂದೆ ಬಿಸಾಕಿದೆ. ಅಡುಗೆಮನೆಯ ಅಟ್ಟದಲ್ಲಿ ಬೆಚ್ಚಗಿದ್ದ ಇನ್ನೊಂದು ಚೀಲ ತಂದು ಅದೇ ಜಾಗದಲ್ಲಿ ಹಾಸಿದೆ. ಒಂದಿಷ್ಟೂ ಹಿಂಜರಿಯದೆ ಮಡಿಕೆಯನ್ನೂ ಅವರ ಹಾಗೇ ಬಿಡಿಸಿದೆ. ಅದೇ ನನಗೆ ಇವತ್ತಿಗೂ ಆಶ್ಚರ್ಯ.

ಬೆಳಕಾದ ಮೇಲೆ ಅವರು ಬಂದರು. ನೆಲ ಮುಟ್ಟಿದರು, ಒದ್ದೆ. ಚೀಲ ಮುಟ್ಟಿದರು. ಮತ್ತೆ ಮುಟ್ಟಿದರು. ಎತ್ತಿ ಕೆನ್ನೆಗೆ ಒತ್ತಿಕೊಂಡು ನೋಡಿದರು. ಆಮೇಲೆ ಅಲ್ಲೇ ಕುಸಿದು ಕೂತು, ಎದೆ ಬಡಿದುಕೊಂಡು ಅತ್ತರು... ಅಂಥ ಅಳುವನ್ನು ನಾನು ಸಾವಿನ ಮನೆಯಲ್ಲೂ ಕೇಳಿರಲಿಲ್ಲ. "ಇಲ್ಲ, ಒಂದ್ಸಲಕ್ಕೇ ಹೋಗಲ್ಲ. ಆ ರೈತನೂ ಎರಡು ಸಲ ಕೇಳಿದ್ದ. ಸಂಜೆ ಇನ್ನೊಂದ್ಸಲ ಹಾಸ್ತೀನಿ" ಅಂದರು. ಇನ್ನೊಂದು ದಿನ ನನ್ನ ತಮ್ಮನ ಹತ್ತಿರ ಇತ್ತೋ ಇಲ್ಲವೋ.

ಅಳು ನಿಂತ ಮೇಲೆ ಎದ್ದು, ಹೂವಿಗೆ ನೀರು ಹಾಕುವ ಡಬ್ಬ ತರಲು ಪಲ್ಪರ್ ಮನೆಯ ಹಿಂದಕ್ಕೆ ಹೋದರು. ಸಿಕ್ಕಿಬಿದ್ದೆ ಅಂದುಕೊಂಡೆ. ಎಷ್ಟು ಹೊತ್ತಾದರೂ ಬರಲಿಲ್ಲ. ಕೊನೆಗೆ ಅವರ ಕೋಣೆಯ ಕಡೆಯಿಂದ ಬಂದರು, ಒಂದು ಕೈಯಲ್ಲಿ ಡಬ್ಬ, ಇನ್ನೊಂದರಲ್ಲಿ ಬಟ್ಟೆ ತುಂಬಿದ ಬ್ಯಾಗು. ನನ್ನ ಮುಖವನ್ನೇ ನೋಡುತ್ತ, "ಹೊರಡ್ತೀನಿ. ಡೇರೆ ಗಿಡಕ್ಕೆ ನೀನೇ ನೀರು ಹಾಕ್ಬೇಕು ನೋಡು" ಎಂದು ಡಬ್ಬ ಕೊಟ್ಟರು.

"ಇನ್ನೊಂದ್ಸಲ ಕೇಳ್ತೀನಿ ಅಂದಿದ್ರಲ್ಲ?" ಬಾಯಿ ತಪ್ಪಿ ಅಂದುಬಿಟ್ಟೆ.

"ಬೇಡ ಕಣೇ. ಈಗ ಸರಿಯಾಗಿ ಕೇಳ್ಸ್ತು."

ಕಳಸದ ಬಸ್ಸು ಬಂತು. ನಾನೇ ಮೊಣಕೈ ಹಿಡಿದು ಹತ್ತಿಸಿದೆ. ತಪ್ಪಿಸಿಕೊಂಡೆ ಅನ್ನುವ ನೆಮ್ಮದಿ ನನಗೆ. ಮಧ್ಯಾಹ್ನ ಪಲ್ಪರ್ ಮನೆಯ ಹಿಂದೆ ನೋಡಿದರೆ ಒದ್ದೆ ಚೀಲ ಇರಲಿಲ್ಲ. ಯಾರೋ ಆಳು ಎತ್ತಿಕೊಂಡಿರಬೇಕು ಅಂದುಕೊಂಡೆ, ಪೀಡೆ ಕಳೆಯಿತು ಅಂತಲೂ ಅಂದುಕೊಂಡೆ.

ಹದಿನೆಂಟು ದಿನ ಅವರು ಆ ಲೈನಿನಲ್ಲಿದ್ದರು. ನೀರಿಗೆ, ಸೌದೆಗೆ, ದಿನಾ ಉಣುಗು ತುಂಬಿದ ಆ ಒಣ ತರಗೆಲೆಯಲ್ಲೇ ಓಡಾಟ. ಮಲಗಿದ್ದ ಐದು ಜನರಲ್ಲಿ ನಾಲ್ವರು ಉಳಿದರು. ನನ್ನ ತಮ್ಮ ಜೀಪಿನಿಂದ ಇಳಿದಾಗ ಮೂಳೆಯ ಮೇಲೆ ಚರ್ಮ ಅಷ್ಟೇ, ಆದರೆ ಬದುಕಿದ್ದ. ಅದೇ ಜೀಪಿನಲ್ಲಿ ಇಳಿಯಬೇಕಿದ್ದ ಸಿಸ್ಟರಿಗೆ ಆ ಬೆಳಗ್ಗೆಯೇ ಜ್ವರ ಹತ್ತಿತ್ತು. ಅವರನ್ನು ಆಸ್ಪತ್ರೆಗೆ ಸೇರಿಸಿದ ಸುದ್ದಿ ಬಂದು, ನಾನು ಹೊರಟು, ಬಸ್ಸು ಬದಲಾಯಿಸಿ ಹೋಗುವಷ್ಟರಲ್ಲಿ... ಬಿಡಿ. ಮಣ್ಣು ಮಾಡುವಾಗ ನಾನು ಸಮಾಧಿಭೂಮಿಯ ಗೇಟಿನ ಹೊರಗೇ ನಿಂತಿದ್ದೆ. ಒಳಗೆ ಕಾಲಿಡಲು ಯಾವ ಮುಖ ಇತ್ತು ನನಗೆ?

ತಿಂಗಳಾದ ಮೇಲೆ ಕೋಣೆ ಖಾಲಿ ಮಾಡಲು ಟ್ರಂಕು ತೆರೆದೆ. ಎರಡು ಬಿಳಿ ಸೀರೆ. ಅದರ ಅಡಿಯಲ್ಲಿ ಪ್ರಾರ್ಥನೆಯ ಪುಸ್ತಕ. ಅದರ ಅಡಿಯಲ್ಲಿ, ನಾಲ್ಕು ಮಡಿಕೆ ಮಾಡಿ ಇಟ್ಟ ಗೋಣಿಚೀಲ. ಒದ್ದೆಯಲ್ಲೇ ಮಡಿಸಿದ್ದರಿಂದ ಮುಗ್ಗಲು ಹಿಡಿದು ಕಪ್ಪು ಚುಕ್ಕೆ ಬಿದ್ದಿತ್ತು. ಅಯ್ಯೋ ದೇವರೇ, ಆ ವಾಸನೆ! ಎಲ್ಲ ಗೊತ್ತಾಗಿತ್ತು ಅವರಿಗೆ. ಚೀಲ ನೆಂದಿತ್ತು, ಹೋಗಬೇಕಾಗಿಲ್ಲ, ಬೇಡಿದ ರಜೆ ಮಂಜೂರಾಗಿದೆ ಅಂತ ಗೊತ್ತಾದ ಮೇಲೆಯೇ ಬ್ಯಾಗು ತುಂಬಿಕೊಂಡಿದ್ದರು. ಒಣಗಿದ ಚೀಲ ಕೈಯಲ್ಲಿದ್ದಾಗ ಹೋಗಲ್ಲ ಅಂದವರು, ಒದ್ದೆ ಚೀಲ ಸಿಕ್ಕಿದ ಮೇಲೆ ಹೊರಟರು.

ಅವರಿಗೆ ಕೇಳಿಸಿದ್ದು ಏನು? ತಮ್ಮನಿಗಾಗಿ ಮೋಸಕ್ಕೂ ಹೇಸದ ಈ ಹೆಂಗಸಿನ ಕೈಯಲ್ಲೇ ದೇವರು ಕರೆದಿದ್ದಾನೆ ಅನ್ನಿಸಿತೇ? ಇಲ್ಲ, ನನ್ನ ಮೇಲಿನ ಕರುಣೆಯಷ್ಟೇ ಇತ್ತೇ? ಅವರ ಚರ್ಚಿನ ಅಯ್ಯನವರ ಹತ್ತಿರ ಒಮ್ಮೆ ಎಲ್ಲ ಹೇಳಿಕೊಂಡೆ. ದೇವರ ಕರೆ ಯಾರ ಮೂಲಕವಾದರೂ ಬರಬಹುದು ತಾಯಿ ಅಂದರು. ಒಳ್ಳೆಯ ಮನುಷ್ಯ, ಸಮಾಧಾನಕ್ಕೆ ಹೇಳಿದರು. ಆದರೆ ಕರೆದದ್ದು ನಾನು. ಸತ್ತದ್ದು ಅವರು. ಇದರ ನಡುವೆ ದೇವರನ್ನು ಎಲ್ಲಿ ಕೂರಿಸಲಿ, ನನಗೆ ತಿಳಿಯುವುದಿಲ್ಲ.

ತಮ್ಮ ಪ್ರತಿ ವರ್ಷ ಆ ಸಮಾಧಿಗೆ ಹೋಗಿ ಮೇಣದಬತ್ತಿ ಹಚ್ಚಿ ಬರುತ್ತಾನೆ. ಈಗ ಅವನಿಗೆ ಇಬ್ಬರು ಮಕ್ಕಳು. ಕಳೆದ ವಾರ ಚಿಕ್ಕಮಗಳೂರಿನಿಂದ ವಾಪಸು ಬರುವಾಗಲೂ ಜೀಪಿನಲ್ಲಿ ಅದೇ ಮಾತು ತೆಗೆದ. "ಸಿಸ್ಟರನ್ನ ಆ ದೇವ್ರೇ ಕಳಿಸಿದ್ದಕ್ಕ. ಇಲ್ದಿದ್ರೆ ನಾನೆಲ್ಲಿರ್ತಿದ್ದೆ?" ಹೂಂ ಅಂದೆ. ಅವನನ್ನು ಅವನ ಮನೆಯ ಹತ್ತಿರ ಇಳಿಸಿ ನಾನೊಬ್ಬಳೇ ಬಂದೆ.

ಆ ಸಂಜೆ, ನನ್ನ ಹತ್ತಿರವೇ ಉಳಿದ ಅವರ ಟ್ರಂಕಿನಿಂದ ಆ ಚೀಲ ತೆಗೆದು, ಕಣದ ನಡುವೆ, ಅವರು ಹಾಸಿದ ಜಾಗದಲ್ಲೇ ಹಾಸಿದೆ. ಬೆಳಗ್ಗೆ ಒಣಗಿದ್ದರೆ ಸಿಸ್ಟರ್ ನನ್ನನ್ನು ಕ್ಷಮಿಸಿದ್ದಾರೆ ಅಂದುಕೊಳ್ಳುತ್ತೇನೆ ಅಂತ ಗಟ್ಟಿಯಾಗಿಯೇ ಹೇಳಿದೆ. ಯಾರಿಗೆ ಹೇಳಿದೆನೋ. ಬೆಳಗ್ಗೆ ಹೋಗಿ ನೋಡಿದರೆ ನೆಲ ಒದ್ದೆ, ಚೀಲವೂ ಒದ್ದೆ. ಜನವರಿ ಮಂಜಲ್ಲಿ ಇನ್ನೇನಾಗುತ್ತೆ... ಒಣ ಚೀಲ ತಂದು ಕದ್ದು ಬದಲಾಯಿಸಿಡುವವರು ನನಗೆ ಯಾರೂ ಇಲ್ಲ.