ಹೊಗೆಯಲ್ಲಿ ಓಡಿದ ದ್ರಾಕ್ಷಾಯಿಣಿ

ಮೋಟೆಬೆನ್ನೂರಿನ ದ್ರಾಕ್ಷಾಯಿಣಿ ಐದು ಸಾವಿರ ಮೀಟರ್ ಓಟಗಾರ್ತಿ. ಊರಲ್ಲಿ ಆಕೆಗೆ ಓಡಲು ಮೈದಾನವಿರಲಿಲ್ಲ. ನಸುಕಿನಲ್ಲಿ ಹೆದ್ದಾರಿಯ ಸರ್ವಿಸ್ ರಸ್ತೆಯಲ್ಲಿ ಲಾರಿಗಳ ಹೊಗೆ ಕುಡಿಯುತ್ತಲೇ ಓಡಿ ರಾಜ್ಯಮಟ್ಟದಲ್ಲಿ ಬೆಳ್ಳಿ ಗೆದ್ದಳು. ಓಟ ಕಲಿಸುತ್ತ ಅವಳ ಹಿಂದೆ ಬೈಕಿನಲ್ಲಿ ಬರುತ್ತಿದ್ದವರು ಯೂಸುಫಸಾಬರು, ನಿವೃತ್ತ ದೈಹಿಕ ಶಿಕ್ಷಕರು. ರೈಲ್ವೆಯ ಕ್ರೀಡಾ ಕೋಟಾದಲ್ಲಿ ಹುಡುಗಿಗೆ ನೌಕರಿ ಸಿಕ್ಕೇ ಸಿಗುತ್ತದೆಂದು ಅವರು ನಂಬಿದ್ದರು.

ಸುಗ್ಗಿ ಮುಗಿಯುವ ಹೊತ್ತಿಗೆ ಆಕೆಗೆ ಕೆಮ್ಮು ಹತ್ತಿತು. ಹೊಲಗಳಲ್ಲಿ ಗೋವಿನಜೋಳದ ದಂಟು ಸುಡುತ್ತಿದ್ದರು. ಆ ಹೊಗೆ ಬೆಳಗಿನ ಚಳಿಗೆ ಮೇಲೇರದೆ ರಸ್ತೆಯ ಮೇಲೇ ಕೂತಿರುತ್ತಿತ್ತು. ಓಟ ಮುಗಿಸಿದರೆ ಎದೆ ಸುಂಯ್‌ಗುಡುತ್ತಿತ್ತು.

"ದಮ್ಮು ಕಟ್ಟಬೇಕವ್ವಾ, ಬಿಡಬ್ಯಾಡ," ಎನ್ನುತ್ತಿದ್ದರು ಯೂಸುಫಸಾಬರು.

ತಾಯಿ ಗದಿಗೆವ್ವ ಬ್ಯಾಡಗಿಯಲ್ಲಿ ಮೆಣಸಿನಕಾಯಿ ತೊಟ್ಟು ಬಿಡಿಸುವ ಕೂಲಿಗೆ ಹೋಗುತ್ತಿದ್ದಳು. "ನನ್ನ ಸೀರಿಗೆ ಹತ್ತಿದ ಘಾಟು ನಿನ್ನ ಎದಿ ಹೊಕ್ಕೈತೇನ," ಎಂದು ಹೆದರಿ, ಹಿತ್ತಲಲ್ಲೇ ಮೈತೊಳೆದು ಒಳಗೆ ಬರತೊಡಗಿದಳು.

ಹಾವೇರಿಯ ಡಾಕ್ಟರು ಅಸ್ತಮಾ ಎಂದರು. "ಹೊಗಿ, ಧೂಳಿನ್ಯಾಗ ಓಡಬ್ಯಾಡ."

"ಹಂಗಾರ ಎಲ್ಲಿ ಓಡ್ಲಿರಿ?"

ಡಾಕ್ಟರು ಔಷಧಿ ಬರೆದುಕೊಟ್ಟರು.

ರಾಣೆಬೆನ್ನೂರಿನಲ್ಲಿ ರೈಲ್ವೆ ನೌಕರಿಗೆ ಬೇಕಾಗಿದ್ದ ಆಯ್ಕೆಯ ಓಟವಿದ್ದ ದಿನ ಮೈದಾನದ ಗೋಡೆಯಾಚೆ ಕಸಕ್ಕೆ ಬೆಂಕಿ ಬಿದ್ದಿತ್ತು. ಸುಟ್ಟ ಪ್ಲಾಸ್ಟಿಕ್ಕಿನ ನಾತಕ್ಕೆ ಹುಡುಗಿಯರು ಮೂಗಿಗೆ ಕರವಸ್ತ್ರ ಒತ್ತಿಕೊಂಡಿದ್ದರು. ದ್ರಾಕ್ಷಾಯಿಣಿ ಸಂಘಟಕನ ಬಳಿ ಹೋದಳು.

"ಸರ್, ಹೊಗಿ ಕಡಿಮಿ ಆಗೂಮಟಾ ತಡೀರಿ."

"ಎಲ್ಲಾರಿಗೂ ಅದ ಗಾಳಿ ಐತಿ. ಓಡೂದಿದ್ರ ಓಡು."

ಓಡಿದಳು. ಅರ್ಧದವರೆಗೂ ಅವಳೇ ಮುಂದಿದ್ದಳು. ಕಾಲು ಸೋತಿರಲಿಲ್ಲ, ಉಸಿರು ಮಾತ್ರ ಒಳಗೆ ಹೋಗಲೊಲ್ಲದು. ಕಣ್ಣಿಗೆ ಕತ್ತಲೆ ಕವಿದು, ಮೊಣಕಾಲೂರಿ ಬಿದ್ದಳು. ಉಳಿದವರು ಕೆಮ್ಮುತ್ತಲೇ ಅವಳನ್ನು ದಾಟಿ ಹೋದರು.

ಆಸ್ಪತ್ರೆಯಲ್ಲಿ ಯೂಸುಫಸಾಬರು ಮಂಚದ ಬಳಿ ಕೂತು ಕಣ್ಣೊರೆಸಿಕೊಂಡರು. "ನಿನ್ನ ಕೆಮ್ಮು ನನಗ ಕೇಳಸ್ತಿತ್ತವ್ವಾ. ಕೇಳಿನೂ ಓಡು ಅಂದೆ."

ಅವಳು ಗೋಡೆಯ ಕಡೆ ಮಗ್ಗುಲಾದಳು. ಅವರ ಮೇಲೆ ಸಿಟ್ಟಿರಲಿಲ್ಲ, ಮಾತಾಡುವಷ್ಟು ಉಸಿರಿರಲಿಲ್ಲ.

ಜೀವ ಉಳಿಯಿತು, ಓಟ ಉಳಿಯಲಿಲ್ಲ. ರೈಲ್ವೆಯ ಆಸೆಯೂ ಅಲ್ಲಿಗೇ ಮುಗಿಯಿತು. ಈಗ ಆಕೆ ರಾಣೆಬೆನ್ನೂರಿನ ಒಂದು ಖಾಸಗಿ ಶಾಲೆಯಲ್ಲಿ ಆಟದ ಟೀಚರು. ಹೊಗೆ ಕವಿದ ಬೆಳಗಿನಲ್ಲಿ ಅವಳು ಮಕ್ಕಳನ್ನು ಹೊರಗೆ ಬಿಡುವುದಿಲ್ಲ. ಈ ಸಲ ಜಿಲ್ಲಾ ಕ್ರೀಡಾಕೂಟ ಹತ್ತಿರವಿದ್ದಾಗ, ಚೆನ್ನಾಗಿ ಓಡುವ ಶ್ವೇತಾ ಎಂಬ ಹುಡುಗಿ ಅತ್ತೇಬಿಟ್ಟಳು.

"ಬ್ಯಾರೆ ಸಾಲಿಯವರು ಓಡಾಕತ್ತಾರ, ಮಿಸ್!"

"ನನ್ನ ಮ್ಯಾಲೆ ಸಿಟ್ಟಾಗು. ಆದ್ರ ಒಳಗ ಕುಂದ್ರು."

ಮರುದಿನ ಹುಡುಗಿಯ ಅಪ್ಪ ಬಂದು ಕೂಗಾಡಿದ. ಹೆಡ್‌ಮಾಸ್ತರರು ಅವನ ಪರ ನಿಂತರು. ದ್ರಾಕ್ಷಾಯಿಣಿ ಎದೆಯ ಮೇಲೆ ಕೈಯಿಟ್ಟು, ತನ್ನ ಉಸಿರು ಸುಂಯ್‌ಗುಡುವುದು ಕೇಳಿಸಲೆಂದು ಅವನನ್ನು ಹತ್ತಿರ ಕರೆದಳು. ಅವನು ಮುಖ ತಿರುವಿ ಹೊರಟ. ತಿಂಗಳೊಳಗೆ ಶ್ವೇತಾ ಬೇರೆ ಶಾಲೆ ಸೇರಿದಳು, ಅವಳ ಹಿಂದೆ ಮತ್ತಿಬ್ಬರು ಹೋದರು. ಉಳಿದ ಮಕ್ಕಳು ಹೊಗೆಯಿದ್ದ ದಿನ ವರಾಂಡದಲ್ಲಿ ಕೇರಂ ಆಡುತ್ತಾರೆ.