ಅವನ ಬಟ್ಟಲಿನ ಖಾರ

ಹಳೆಯ ಸೋಫಾ, ಕುರ್ಚಿಗಳಿಗೆ ಹೊಸ ಮೈ ಹೊದಿಸುವುದು ಅವನ ಕಸುಬು. ಬೀದಿಗೆಲ್ಲ ಅವನು ಕುಶನ್ ಅಣ್ಣ. ಬಾಯಿ ತುಂಬ ಸಣ್ಣ ಮೊಳೆ ಇಟ್ಟುಕೊಂಡು, ಒಂದೊಂದನ್ನೇ ನಾಲಗೆಯಿಂದ ತುಟಿಗೆ ತಂದು ಹೊಡೆಯುತ್ತಿದ್ದ. ಅಷ್ಟಾದರೂ ಹರಟೆ ನಿಲ್ಲುತ್ತಿರಲಿಲ್ಲ.

"ನುಂಗಿಬಿಟ್ಟೀರಾ ರೀ!" ಎಂದು ಹೆಂಡತಿ ಗದರಿದರೆ, "ನಿನ್ನ ಅಡುಗೆ ನುಂಗಿರೋ ಗಂಟಲು ಇದು, ಮೊಳೆ ಯಾವ ಲೆಕ್ಕ?" ಎನ್ನುತ್ತಿದ್ದ.

ಆ ಗಂಟಲಿಗೇ ಗಡ್ಡೆ ಬಂತು. ಆಸ್ಪತ್ರೆಯಲ್ಲಿ ಕಿರಣ ಹಾಯಿಸಿ ಗಡ್ಡೆಯನ್ನು ಸುಟ್ಟರು. ಜೊತೆಗೆ ರುಚಿಯೂ ಸುಟ್ಟುಹೋಯಿತು. ಅನ್ನ ತಿಂದರೆ ದಿಂಬಿನ ಹತ್ತಿ ತಿಂದ ಹಾಗೆ. ಬಾಯಿಂದ ತಿಂದು ತೂಕ ಉಳಿಸಿಕೊಳ್ಳದಿದ್ದರೆ ಹೊಟ್ಟೆಗೆ ತೂತು ಮಾಡಿ ಪೈಪು ಹಾಕಬೇಕಾಗುತ್ತದೆ ಎಂದರು ಡಾಕ್ಟರು.

"ನಾನೇನು ಸೀಮೆಎಣ್ಣೆ ಡಬ್ಬಾನಾ, ಕೊಳವೆ ಇಟ್ಟು ಸುರಿಯೋಕೆ?" ಎಂದು ಅವನು ನಕ್ಕ. ಆದರೆ ಸಾವಿಗೆ ಹೆದರದವನು ಆ ಪೈಪಿಗೆ ಹೆದರಿದ್ದನೆಂದು ಹೆಂಡತಿಗೆ ಗೊತ್ತಿತ್ತು.

ಬೀದಿಯ ಮೂಲೆಯಲ್ಲೊಂದು ಥಾಯ್ ಹೋಟೆಲು. ಅಲ್ಲಿನ ಕುರ್ಚಿಗಳಿಗೆ ಕೆಂಪು ರೆಕ್ಸಿನ್ ಹಾಕಿದವನು ಅವನೇ. ಒಂದು ಸಂಜೆ ಗಂಡ ಹೆಂಡತಿ ಅಲ್ಲಿ ಕೂತರು. ಹೋಟೆಲಿನ ಯಜಮಾನಿ ತೆಂಗಿನ ಹಾಲಿನ ಸೂಪು ತಂದಿಟ್ಟಳು. ಅದರಲ್ಲಿ ನಿಂಬೆಹುಲ್ಲು, ಪುಟ್ಟ ಕೆಂಪು ಮೆಣಸಿನಕಾಯಿ. ಮೊದಲ ಚಮಚಕ್ಕೇ ಅವನು ನೆಟ್ಟಗೆ ಕೂತ. ರುಚಿ ಇರಲಿಲ್ಲ, ಉರಿ ಇತ್ತು. ಸತ್ತ ಬಾಯಲ್ಲಿ ಅದೊಂದು ಬದುಕಿತ್ತು.

"ನಾಲಗೆ ಸರಿಹೋಯ್ತು ಕಣೆ!" ಎಂದ. ಹೆಂಡತಿಯ ಸಂತೋಷಕ್ಕೆ ಹೇಳಿದ ಸುಳ್ಳು ಅದು. ಅವಳು ನಂಬಿದಳು.

ಅಂದಿನಿಂದ ಸಂಜೆಯ ಊಟ ಅಲ್ಲೇ. ಮೂಗು ಸೋರುತ್ತಿತ್ತು, ಕೆಮ್ಮು ಒತ್ತರಿಸಿ ಬರುತ್ತಿತ್ತು, ಬಟ್ಟಲು ಮಾತ್ರ ಖಾಲಿಯಾಗುತ್ತಿತ್ತು. "ಏನಮ್ಮಾ, ಇವತ್ತು ಬೆಂಕಿ ಸಣ್ಣಗಿದೆ. ಯಜಮಾನರ ಜೊತೆ ಜಗಳ ಆಡಲಿಲ್ವಾ?" ಎಂದು ಯಜಮಾನಿಯನ್ನು ಕೆಣಕುತ್ತಿದ್ದ.

ಆ ಕೆಮ್ಮನ್ನು ಹೆಂಡತಿಗೆ ಕೇಳಲಾಗುತ್ತಿರಲಿಲ್ಲ. ನಾಲಗೆ ನೆಟ್ಟಗಾದ ಮೇಲೆ ಹಸಿ ಗಂಟಲಿಗೆ ಇಷ್ಟು ಖಾರವೇಕೆ? ಒಂದು ದಿನ ಅವನು ಕೈ ತೊಳೆಯಲು ಹೋದಾಗ ಅಡುಗೆಮನೆಯ ಬಾಗಿಲಿಗೆ ಹೋದಳು.

"ಅವರ ಬಟ್ಟಲಿಗೆ ಖಾರ ಕಡಿಮೆ ಮಾಡ್ತಾ ಬನ್ನಿ. ಅವರಿಗೆ ಹೇಳ್ಬೇಡಿ, ಹಟಮಾರಿ."

"ನಂಗೂ ಹಾಗೇ ಅನ್ಸಿತ್ತು ಅಕ್ಕ. ಅಣ್ಣನ ಕಣ್ಣೀರು ನೋಡೋಕಾಗಲ್ಲ."

ದಿನಕ್ಕಿಷ್ಟು ಖಾರ ಇಳಿಯಿತು. ಕೆಮ್ಮೂ ಇಳಿಯಿತು. ಹೆಂಡತಿಗೆ ನಿರಾಳವಾಯಿತು. ಅವನ ಹರಟೆ ನಿಂತದ್ದು ಅವಳ ಗಮನಕ್ಕೆ ಬಂದದ್ದು ತಡವಾಗಿ. ಒಂದು ಸಂಜೆ ಅರ್ಧ ಬಟ್ಟಲು ಉಳಿಸಿದ. ಮರುದಿನ ಒಂದೇ ಗುಟುಕಿಗೆ ಚಮಚ ಕೆಳಗಿಟ್ಟ.

"ಯಾಕ್ರೀ, ಚೆನ್ನಾಗಿಲ್ವಾ?"

"ಚೆನ್ನಾಗಿದೆ. ಹಸಿವಿಲ್ಲ."

ಆಮೇಲೆ ಹೋಟೆಲಿಗೂ ಹೋಗಲಿಲ್ಲ, ಮನೆಯಲ್ಲೂ ತಿನ್ನಲಿಲ್ಲ. ಗೋಡೆಗೆ ಮುಖ ಮಾಡಿ ಮಲಗಿದ. ಅಷ್ಟರಲ್ಲಿ ಗಡ್ಡೆ ಮತ್ತೆ ತಲೆಯೆತ್ತಿತು. ನಾಳೆ ಪೈಪು ಹಾಕುವುದೆಂದು ಆಸ್ಪತ್ರೆಯವರು ಗೊತ್ತುಮಾಡಿದ ಮಧ್ಯಾಹ್ನ ಅವನೇ ಬಾಯಿಬಿಟ್ಟ.

"ಹಾಕಿಸ್ಬಿಡು. ಉಪ್ಪು, ಹುಳಿ ಆಗ್ಲೇ ಹೋಗಿತ್ತು, ನಿಂಗೆ ಸುಳ್ಳು ಹೇಳಿದ್ದೆ. ಖಾರ ಒಂದು ಉಳಿದಿತ್ತು. ಈಗ ಅದೂ ಸತ್ತಿದೆ."

ಅವಳು ಅವನ ಹತ್ತಿರ ಬಂದು ಕೂತಳು. "ಸತ್ತಿಲ್ಲ ರೀ... ನಾನೇ ಕಡಿಮೆ ಮಾಡಿಸಿದ್ದು."

ಅವನು ಗೋಡೆಯಿಂದ ಅವಳ ಕಡೆ ಹೊರಳಿದ. ಬೈಯಲಿಲ್ಲ. ಬೈದಿದ್ದರೆ ಅವಳಿಗೆ ಹಗುರಾಗುತ್ತಿತ್ತು.

"ಹೋಗು. ಮೊದಲಿನ ಹಾಗೇ ಮಾಡಿಸ್ಕೊಂಡು ಬಾ."

ಯಜಮಾನಿ ಏಪ್ರನ್ ಕೂಡ ಬಿಚ್ಚದೆ ಹೆಂಡತಿಯ ಹಿಂದೆಯೇ ಬಟ್ಟಲು ಹಿಡಿದು ಬಂದಳು. ಮೊದಲ ಚಮಚ ಬಾಯಿಗಿಟ್ಟೊಡನೆ ಅವನ ಕಿವಿ ಕೆಂಪೇರಿ ಕಣ್ಣು ತುಂಬಿತು.

"ಉರೀತಿದೆ ಕಣೆ," ಎಂದ, ಕೇಳಿಸಿಯೂ ಕೇಳಿಸದ ದನಿಯಲ್ಲಿ.

ನುಂಗಲು ಹೋದ. ಗಡ್ಡೆ ಬೆಳೆದು ಗಂಟಲು ಮುಚ್ಚಿಕೊಂಡಿತ್ತು; ಸೂಪು ಮೂಗಿನಿಂದ ಹೊರಬಂತು. ಹೆಂಡತಿ ಮುಖ ಒರೆಸಿ, "ಸಾಕು ಬಿಡಿ" ಎಂದಳು. ಅವನು ತಲೆಯಾಡಿಸಿ ಮತ್ತೆ ಬಾಯಿ ತೆರೆದ. ಅವಳು ಇನ್ನೊಂದು ಚಮಚ ಕೊಟ್ಟಳು. ಅದನ್ನು ನಾಲಗೆಯ ಮೇಲೆ ಇಟ್ಟುಕೊಂಡು, ಉರಿಯುವಷ್ಟೂ ಉರಿಯಗೊಟ್ಟು, ಹಾಸಿಗೆ ಪಕ್ಕದ ಬೇಸಿನ್ನಿಗೆ ಉಗುಳಿದ. ಮತ್ತೊಂದಕ್ಕೆ ಬಾಯಿ ತೆರೆದ. ಯಜಮಾನಿ ಕಿಟಕಿಯ ಕಡೆ ತಿರುಗಿ ನಿಂತಳು.

ಬಟ್ಟಲು ಖಾಲಿಯಾಯಿತು. ಒಂದು ತೊಟ್ಟೂ ಒಳಗಿಳಿದಿರಲಿಲ್ಲ.